ಚಾಕುವಿನ ಹಿಡಿಕಿ: ನೀವು ಕೇಳಿದ್ದು, ನಾವು ಹೇಳೋದು

ಹೋದ ಸಂಚಿಕಿಯೊಳಗ ಚಾಕು, ಇಳಿಗಿ ಸಾಣಿ ಹಿಡಿಯೋದರ ಬಗ್ಗೆ ಬರದಿದ್ವಿ. ಬಂದ ಪತ್ರ ನೋಡಿದ್ರ ಸಾಣಿಗಿಂತ ಹಿಡಿಕಿ ಬಗ್ಗೆನ ಹೆಚ್ಚು ಮಂದಿ ಕೇಳ್ಯಾರ. ಹಂಗಾಗಿ ಈ ಸಲ ಬರೇ ಹಿಡಿಕಿ.

ನಮ್ಮ ಅಪ್ಪಾರು ಕಂಬಾರರ ಕಡೆ ಲಾರಿ ಪಾಟಾದಾಗ (ಸ್ಪ್ರಿಂಗ್ ಪಟ್ಟಿಯೊಳಗ) ಮಾಡಿಸಿದ್ದ ಚಾಕು ಐತ್ರಿ. ಅಲಗು ಇನ್ನೂ ಛಲೋ ಐತಿ, ಹಿಡಿಕಿ ಕಟಗಿ ಮಾತ್ರ ಕೊಳತು ಉದುರೇತಿ. ಹಿಂದಿನ ಕಬ್ಬಿಣ ಹಿಡಿಕಿ ಉದ್ದಕ್ಕೂ ಹೋಗೇತಿ, ಮೂರು ತೂತು ಅದಾವ. ಬಡಿಗೇರ್ರು ಸಾಗವಾನಿ ಹಾಕು ಅಂತಾರ, ಯೂಟ್ಯೂಬ್ನ್ಯಾಗ ಬೀಟಿನ ಬೇಕು ಅಂತಾರ. ಯಾರ ಮಾತು ಕೇಳ್ಲಿ?
(ಧಾರವಾಡದ ಓದುಗರು)

ಬಡಿಗೇರ್ರ ಮಾತು ಕೇಳ್ರಿ ಸರ, ಆದ್ರ ಅದಕ್ಕಿಂತ ಮೊದಲ ಆ ಕಟಗಿ ಒಣಗೇತೇನು ಅಂತ ಕೇಳ್ರಿ. ಕಟಗಿ ಉದ್ದಕ್ಕ ಕುಗ್ಗೋದು ಇಲ್ಲ ಅನ್ನೋವಷ್ಟು ಕಡಿಮಿ, ಅಗಲಕ್ಕ ಮಾತ್ರ ಭಾಳ ಕುಗ್ಗತೈತಿ, ಮತ್ತ ನಮ್ಮ ಧಾರವಾಡದ ಹವಾ ನಿಮಗ ಗೊತ್ತೈತಲ್ಲ, ಆಷಾಢ ಶ್ರಾವಣದಾಗ ಗ್ವಾಡಿಗೆ ಸೈತ ಬೂಜ ಬರತೈತಿ, ಏಪ್ರಿಲ್ ಬಂತಂದ್ರ ಬಾಗಲಾ ಕುಗ್ಗಿ ಸಂದಿ ಬಿಡತಾವ. ಹಸಿ ಕಟಗಿ ತಂದು ಕಬ್ಬಿಣಕ್ಕ ಎರಡೂ ಕಡೆ ಬಿಗಿದ್ರ ಕಟಗಿ ಕುಗ್ಗಾಕ ನೋಡತೈತಿ, ಒಳಗಿನ ಕಬ್ಬಿಣ ಕುಗ್ಗಂಗಿಲ್ಲ, ರಿಬೀಟು (ತೂತಿನ್ಯಾಗ ಕೂಡಿಸೋ ಲೋಹದ ಸಳಿ) ಬಿಡಂಗಿಲ್ಲ, ಕಡೀಕ ರಿಬೀಟಿನ ಬಾಜೂಕ ಸೀಳತೈತಿ. ಸೀಳಿದ ಮ್ಯಾಲೆ ನೀರು ಒಳಗ ಹೋಗತೈತಿ, ಒಳಗ ತುಕ್ಕು, ತುಕ್ಕು ಉಬ್ಬಿ ಕಟಗೀನ ಇನ್ನಷ್ಟು ಎತ್ತತೈತಿ. ನಿಮ್ಮ ಅಪ್ಪಾರ ಚಾಕಿಗೂ ಹಿಂಗ ಆಗಿರಬೇಕು.

ನೆರಳಾಗ ಗಾಳಿಗೆ ಇಟ್ಟ ಹಲಗಿ ಒಂದು ಇಂಚು ದಪ್ಪಕ್ಕ ಹೆಚ್ಚು ಕಡಿಮಿ ಒಂದು ವರ್ಷ ಬೇಕು ಅಂತ ಬಡಿಗೇರ್ರ ಲೆಕ್ಕ. ಅಷ್ಟು ದಿನ ಯಾರು ಕಾಯತಾರ? ಅದಕ್ಕ ಹಳೇ ಕಟಗಿ ಹುಡುಕ್ರಿ. ಕೆಡವಿದ ಮನಿ ಚೌಕಟ್ಟು, ಮುರದ ಮಂಚದ ಕಾಲು, ಚಕ್ಕಡಿ ಸಾಮಾನು, ಇವೆಲ್ಲ ವರ್ಷಾನುಗಟ್ಟಲೆ ಒಣಗಿ ಕುಂತಿರತಾವ. ಮೊಳಿ ಇದ್ರ ಮೊದಲ ಕೀಳ್ರಿ, ಹುಳಾ ಹೊಕ್ಕಿದ್ರ ಬಿಟ್ಟುಬಿಡ್ರಿ.

ಇನ್ನ ಕಟಗಿ ಜಾತಿ ವಿಷಯ. ಸಾಗವಾನಿ ಮಳಿ ಬಿಸಲಿಗೆ ಕಡಿಮಿ ಉಬ್ಬತೈತಿ, ಕಡಿಮಿ ಕುಗ್ಗತೈತಿ, ನೀರು ತಡಕೋತೈತಿ, ಅಡಗಿಮನಿ ಚಾಕಿಗೆ ನನ್ನ ಮೊದಲನೇ ಆಯ್ಕೆ ಅದ. ಬೀಟಿಗಿಂತ ಮೆತ್ತಗ ಖರೆ, ಕೈ ಜಾರಿ ಬಿದ್ರ ಗುಳಿ ಬೀಳತೈತಿ. ಮತ್ತ ಅದರಾಗ ಸ್ವಂತ ಎಣ್ಣಿ ಐತಿ, ಅಂಟು ಹಿಡಿಯಂಗಿಲ್ಲ, ಅಂಟು ಹಚ್ಚೋ ಸ್ವಲ್ಪ ಮೊದಲು ಥಿನ್ನರ್ ಇಲ್ಲಾ ಅಸಿಟೋನ್ ಹಾಕಿ ಒರಸಬೇಕು. ಬೀಟಿ ಚಂದ ಐತಿ, ಯಾರು ಇಲ್ಲ ಅಂತಾರ, ಒಂದು ಘನ ಮೀಟರ್ ಸಾಗವಾನಿ ಸುಮಾರು 650 ಕಿಲೋ ತೂಗಿದ್ರ ಬೀಟಿ 850ರ ಹತ್ರ ಹೋಗತೈತಿ, ಅಷ್ಟು ದಟ್ಟ. ಆದ್ರ ಅದರ ಪುಡಿ ಕೆಲವರಿಗೆ ಚರ್ಮಕ್ಕ, ಮೂಗಿಗೆ ಆಗಿಬರಂಗಿಲ್ಲ, ಮಾಸ್ಕ್ ಇಲ್ದ ತಿಕ್ಕಬ್ಯಾಡ್ರಿ. ಗಿಡ ಕಡಿಯಾಕ ಅರಣ್ಯ ಇಲಾಖೆ ಪರವಾನಗಿ ಬೇಕು, ಹಂಗಾಗಿ ಯಾರರ ಕದ್ದು ತಂದು ಕೊಡತೀನಿ ಅಂದ್ರ ಕೈ ಮುಗೀರಿ. ಹಳೇ ಕುರ್ಚಿ ಕಾಲು ಸಿಕ್ರ ಮಾತು ಬ್ಯಾರೆ.

ನಮ್ಮ ಕಡೆ ಜಾಲಿ ಐತಲ್ರಿ, ಕುಂಟಿ, ಚಕ್ಕಡಿ ಎಲ್ಲಾದಕ್ಕೂ ಹಿರ್ಯಾರು ಅದನ್ನ ಹಾಕ್ಯಾರ, ಬೀಟಿಗೇನೂ ಕಮ್ಮಿ ಇಲ್ಲ, ಅಗ್ಗ ಬ್ಯಾರೆ. ಒಂದ ತೊಡಕು, ಜಾಲ್ಯಾಗ ಟ್ಯಾನಿನ್ ಅನ್ನೋ ಒಗರು ಜಾಸ್ತಿ (ತೊಗಲು ಹದ ಮಾಡಾಕ ಅದರ ತೊಗಟಿ ಬಳಸೋದು ಇದಕ್ಕ), ಹಸಿ ಕಬ್ಬಿಣ ತಾಗಿದಲ್ಲಿ ಕರ್ರಗ ಕಲಿ ಬೀಳತೈತಿ. ಕಲಿ ಬಿದ್ರ ಹಿಡಿಕಿ ಏನೂ ಕೆಡಂಗಿಲ್ಲ. ಹುಣಸಿ ಗಿಡದ ನಡುವಿನ ಕರೇ ಕಟಗಿ ಸಿಕ್ರ ಬಿಡಬ್ಯಾಡ್ರಿ, ಕೊರಿಯಾಕ ಮಾತ್ರ ಬೆವರು ಇಳಸತೈತಿ. ಮಾವು ಬ್ಯಾಡ, ಹುಳಕ್ಕ ಇಷ್ಟ. ಕಣಗಿಲ ಅಂತೂ ಬ್ಯಾಡವೇ ಬ್ಯಾಡ, ಆ ಗಿಡದ ಎಲ್ಲಾ ಭಾಗನೂ ವಿಷ, ಕಾಯಿಪಲ್ಯೆ ಹೆಚ್ಚೋ ಕೈಯಾಗ ಅದ್ಯಾಕ?

ಕಟಗಿ ಐತಿ. ಮನ್ಯಾಗ ಡ್ರಿಲ್ ಮಿಷನ್ ಒಂದು ಬಿಟ್ರ ಬ್ಯಾರೆ ಮಿಷನ್ ಇಲ್ಲ. ಆಗತೈತೇನ್ರಿ? ಹೆಂಗ ಮಾಡೋದು ಅನ್ನೋದನ್ನ ಬಿಡಿಸಿ ಹೇಳ್ರಿ.
(ಹುಬ್ಬಳ್ಳಿಯ ಓದುಗರು)

ಆಗತೈತಿ. ಮೊದಲ ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪ್ ಹಚ್ಚಿಬಿಡ್ರಿ, ಕೈ ಕೊಯ್ಕೊಳ್ಳೋದು ಚಾಕು ಬಳಸೋವಾಗಲ್ಲ, ಹಿಡಿಕಿ ಮಾಡೋವಾಗ.

ಎರಡು ಹಲಗಿ ತುಂಡು ಬೇಕು, 10 ಮಿಲಿಮೀಟರ್ ದಪ್ಪ, ಹಿಡಿಕಿಗಿಂತ ಬೆರಳಷ್ಟು ಉದ್ದ ಇರ್ಲಿ, ಕಟಗಿ ಗೆರಿ ಹಿಡಿಕಿ ಉದ್ದಕ್ಕ ಓಡಬೇಕು, ಅಡ್ಡ ಬಂದ್ರ ಮುರೀತೈತಿ. ಕಬ್ಬಿಣಕ್ಕ ಕೂಡೋ ಬದಿ ಪೂರ್ತಿ ಸಪಾಟ ಆಗಬೇಕು. ಕಿಟಕಿ ಗಾಜಿನ ತುಂಡಿನ ಮ್ಯಾಲೆ ಪಾಲಿಶ್ ಪೇಪರ್ ಇಟ್ಟು ಅದರ ಮ್ಯಾಲೆ ಹಲಗಿ ತಿಕ್ರಿ, ಆಮ್ಯಾಲೆ ಕಬ್ಬಿಣಕ್ಕ ಹಿಡದು ಬೆಳಕಿಗೆ ನೋಡ್ರಿ, ಬೆಳಕು ತೂರಿ ಬಂದ್ರ ಇನ್ನೂ ತಿಕ್ಕಬೇಕು. ಈ ಕೆಲಸಕ್ಕ ಅರ್ಧ ದಿನ ಹೋದ್ರೂ ಹೋಗ್ಲಿ. ಸಂದಿ ಬಿಟ್ಟು ಅಂಟಿಲೆ ತುಂಬತೀನಿ ಅನ್ನೋರ ಹಿಡಿಕಿ ಎರಡು ಮಳಿಗಾಲ ಬರಂಗಿಲ್ಲ.

ತೂತು ಹೊಡಿಯೋವಾಗ ಎರಡೂ ಹಲಗಿ ಒಂದಕ್ಕೊಂದು ಕೂಡಿಸಿ ಒಮ್ಮೆಗೇ ಹೊಡಿತಾರಲ್ಲ, ಡ್ರಿಲ್ ಕೈಯಾಗ ಹಿಡದ್ರ ಅದು ಓರೆ ಹೋಗತೈತಿ. ಒಂದು ಹಲಗೀನ ಚಾಕಿಗೆ ಕ್ಲಾಂಪ್ ಹಾಕಿ, ಕಬ್ಬಿಣದ ತೂತಿನ ಮೂಲಕ ಕಟಗಿಗೆ ಹೊಡೀರಿ, ಕೆಳಗ ಒಂದು ಚಿಲ್ರ ಹಲಗಿ ಇಡ್ರಿ, ಇಲ್ಲಾಂದ್ರ ಆ ಕಡೆ ಸಿಬರು ಏಳತೈತಿ. ಆ ತೂತಿಗೆ ಸಳಿ ತುಂಡು ಸಿಗಿಸಿ ಬಿಗಿ ಮಾಡಿ ಆಮ್ಯಾಲೆ ಇನ್ನೊಂದು ಹಲಗಿ. ಸಳಿ ಹಿತ್ತಾಳಿದು, 5 ಮಿಲಿಮೀಟರ್, ಹಾರ್ಡ್‌ವೇರ್ ಅಂಗಡ್ಯಾಗ ಸಿಗತೈತಿ, ಇಲ್ಲಾ ನಿಮ್ಮ ಕಬ್ಬಿಣದ ತೂತು ಎಷ್ಟು ಐತಿ ಅಷ್ಟರದ್ದು.

ಅಲಗಿನ ಕಡೆ ಮುಖ ಮಾಡಿರೋ ಹಲಗಿ ಅಂಚನ್ನ ಅಂಟಿಸೋಕಿಂತ ಮೊದಲ ನುಣ್ಣಗ ಮಾಡಿ ಮುಗಸ್ರಿ. ಅಂಟಿಸಿದ ಮ್ಯಾಲೆ ಅಲ್ಲಿ ಪೇಪರ್ ತಿಕ್ಕಾಕ ಹೋದ್ರ ಅಲಗಿಗೆ ಗೀರು ಬೀಳತೈತಿ.

ಅಂಟು ಅಂದ್ರ ಅರಾಲ್ಡೈಟ್ ಸಾಕು, ಐದು ನಿಮಿಷದ್ದು ಅಲ್ಲ, ನಿಧಾನ ಗಟ್ಟಿ ಆಗೋದು. ಎರಡೂ ಟ್ಯೂಬು ಸಮ ಸಮ. ಕಬ್ಬಿಣಾನ 80 ನಂಬರ್ ಪೇಪರ್‌ಲೆ ಒರಟು ಮಾಡಿ ಥಿನ್ನರ್‌ಲೆ ಒರಸ್ರಿ, ಆಮ್ಯಾಲೆ ಬೆರಳು ತಾಗಿಸಬ್ಯಾಡ್ರಿ. ತೂತಿನ ಒಳಗೂ ಹಚ್ರಿ, ನೀರು ಹೋಗೋ ದಾರಿ ಅದ. ಕ್ಲಾಂಪ್ ಹದಕ್ಕ ಬಿಗೀರಿ, ಪೈಲ್ವಾನಕಿ ತೋರಿಸಿದ್ರ ಅಂಟು ಪೂರಾ ಹೊರಗ ಬಂದು ಒಳಗ ಏನೂ ಉಳಿಯಂಗಿಲ್ಲ. ಅಲಗಿನ ಕಡೆ ಹೊರಗ ಬಂದ ಅಂಟನ್ನ ಹಸಿ ಇದ್ದಾಗನ ಥಿನ್ನರ್ ಅರಿವಿಲೆ ಒರಸಿ 24 ತಾಸು ಮುಟ್ಟದ ಬಿಡ್ರಿ. ಸಳಿ ಎರಡೂ ಕಡೆ ಒಂದೆರಡು ಮಿಲಿಮೀಟರ್ ಹೊರಗ ಇದ್ರ ಸಣ್ಣ ಸುತಿಗಿಲೆ ಸುತ್ತಲೂ ಹಗೂರಕ ತಟ್ಟಿ ತಲಿ ಅಗಲ ಮಾಡ್ರಿ, ಜೋರ ಹೊಡದ್ರ ಕಟಗಿ ಸೀಳಿತಂತ ತಿಳೀರಿ.

ಉಳದದ್ದು ಅರ ಹಾಕಿ ರೂಪ ಕೊಡೋದು, ಪೇಪರ್ 80, 120, 220, 400 ಅಂತ ನುಣ್ಣಗ ಮಾಡಕೊಂತ ಹೋಗೋದು. 220 ಆದಮ್ಯಾಲೆ ಒದ್ದಿ ಅರಿವಿಲೆ ಒರಸಿ ಒಣಗಾಕ ಬಿಟ್ರ ಕಟಗಿ ನವಿರು ಏಳತೈತಿ, ಮತ್ತ ತಿಕ್ರಿ, ಆಗ ಮುಂದ ಚಾಕು ತೊಳದ್ರೂ ಒರಟ ಆಗಂಗಿಲ್ಲ. ಯಾರಾದ್ರೂ ಗ್ರೈಂಡರ್ ಹಚ್ಚಿ ತಿಕ್ಕಿ ಕೊಡತೀನಿ ಅಂದ್ರ ಹಿತ್ತಾಳಿ ಸಳಿ ಕಾಯದಂಗ ನೋಡಿಕೋರಿ, ಕಾದ್ರ ಸುತ್ತಲಿನ ಕಟಗಿ ಸುಡತೈತಿ, ಒಳಗಿನ ಅಂಟು ಮೆತ್ತಗಾಗತೈತಿ.

ನಮ್ಮದು ಹೊಲದ ಚಾಕು, ಹಿಂದ ಮೊಳಿಯಂಗ ಚೂಪು ಇರತೈತಿ. ಅದನ್ನ ಕೆಂಪಗ ಕಾಸಿ ಹಿಡಿಕಿಗೆ ಬಡೀತೀವಿ. ಒಂದು ಸುಗ್ಗಿ ಬರತೈತಿ, ಆಮ್ಯಾಲೆ ಅಳ್ಳಾಡತೈತಿ, ನೀರಾಗ ನೆನಸಿ ಬಿಗಿ ಮಾಡಕೋತೀವಿ. ಗಟ್ಟಿ ಉಪಾಯ ಹೇಳ್ರಿ.
(ಹಾವೇರಿ ಕಡೆಯ ರೈತರು)

ಅಣ್ಣಾರ, ನೀರಾಗ ನೆನಸೋದನ್ನ ಇವತ್ತ ಬಿಡ್ರಿ. ಕಟಗಿ ಉಬ್ಬತೈತಿ, ಆದ್ರ ಒಳಗ ಕಬ್ಬಿಣ, ಹೊರಗ ಹಿಡಿಕಿಗೆ ಹಾಕಿದ ಲೋಹದ ಬಳಿ, ಉಬ್ಬಾಕ ಜಾಗ ಎಲ್ಲೈತಿ? ತನ್ನ ಎಳಿ ತಾನ ಹಿಚುಕಿಕೋತೈತಿ. ಒಣಗಿದ ಮ್ಯಾಲೆ ಮೊದಲಿಗಿಂತ ಸಣ್ಣ ಆಗತೈತಿ, ಮೊದಲಿಗಿಂತ ಸಡಲ. ಪ್ರತಿ ಸಲ ನೆನಸಿದಂಗೂ ತೂತು ದೊಡ್ಡದ ಆಗಕೊಂತ ಹೊಕ್ಕೇತಿ.

ಕಾಸಿ ಬಡಿಯೋದು ಹಿರ್ಯಾರ ಪದ್ಧತಿ, ತಪ್ಪಲ್ಲ, ಆದ್ರ ಪೂರ್ತಿ ಕಾಸಿ ಬಡದ್ರ ತೂತಿನ ಒಳಗ ಇದ್ದಲಿ ಆಗತೈತಿ, ಇದ್ದಲಿ ಪುಡಿ ಪುಡಿ ಉದುರಿದ ಮ್ಯಾಲೆ ಕಬ್ಬಿಣಕ್ಕ ಹಿಡಿಯಾಕ ಏನು ಉಳೀತು? ಮೊದಲ ಡ್ರಿಲ್‌ಲೆ ಕಬ್ಬಿಣಕ್ಕಿಂತ ಸ್ವಲ್ಪ ಸಣ್ಣ ತೂತು ಹೊಡೀರಿ, ಕೊನಿ ಕಾಸಿ ಒಮ್ಮೆ ಇಳಿಸಿ ಅದರ ಆಕಾರ ಕೂಡಿಸಿ ಹೊರಗ ತಗೀರಿ, ಇದ್ದಲಿ ಕೆರದು ಜಾಡಸ್ರಿ. ಆಮ್ಯಾಲೆ ಅರಗು ಕುಟ್ಟಿ, ಇಟ್ಟಂಗಿ ನುಣ್ಣನ ಪುಡಿ ಕೂಡಿಸಿ ತೂತಿಗೆ ತುಂಬಿ, ಕಬ್ಬಿಣ ಹದಕ್ಕ ಕಾಸಿ ಒತ್ರಿ. ಕೆಂಪಗ ಕಾಸೋದು ಬ್ಯಾಡ, ಅರಗು ಕರಗಾಕ 80 ಡಿಗ್ರಿ ಸುತ್ತಮುತ್ತ ಸಾಕು. ನಮ್ಮ ಕಲಘಟಗಿ ತೊಟ್ಟಿಲಕ್ಕ ಬಣ್ಣ ಕೂಡೋದೂ ಇದ ಅರಗಿನಿಂದ, ನಮ್ಮ ಕಡೆಗೆ ಹೊಸಾದೇನಲ್ಲ. ಅರಗು ಸಿಗಲಿಲ್ಲಂದ್ರ ಅರಾಲ್ಡೈಟ್ ನಡೀತೈತಿ, ಅದಕ್ಕ ಕಾಸೋದ ಬ್ಯಾಡ. ಅರಗು ಹಾಕಿದ ಚಾಕು ಕುದಿಯೋ ನೀರಿಗೆ ಮಾತ್ರ ಹಾಕಬ್ಯಾಡ್ರಿ.

ಕಾಸೋವಾಗ ಅಲಗಿಗೆ ಒದ್ದಿ ಗ್ವಾಣಿ ತಟ್ಟು ಸುತ್ರಿ. ತಿಕ್ಕಿ ಬೆಳ್ಳಗ ಮಾಡಿದ ಕಬ್ಬಿಣ ಕಾಯಕೊಂತ ಹೋದ್ರ 220 ಡಿಗ್ರಿಗೆ ಹುಲ್ಲಿನ ಹಳದಿ ಬಣ್ಣ ಬರತೈತಿ, 300ರ ಹತ್ರ ನೀಲಿ. ಆ ನೀಲಿ ಅಲಗಿನ ಬಾಯಿ ತನಕ ಹರೀತು ಅಂದ್ರ ಕಂಬಾರರು ಕೊಟ್ಟ ಹದ ಹೋದಂಗ, ಸಾಣಿ ಹಿಡದಷ್ಟೂ ಮೊಂಡ ಆಗತೈತಿ. ಇನ್ನ ಹಿಡಿಕಿ ಕೊಳ್ಳಿಗೆ ಬಳಿ ಇಲ್ದ ಯಾವ ಉಪಾಯನೂ ನಿಲ್ಲಂಗಿಲ್ಲ, ಹಳೇ ಹಿತ್ತಾಳಿ ಪೈಪು ಬೆರಳಗಲ ಕೊಯ್ದು ತೂತು ಹೊಡಿಯೋಕಿಂತ ಮೊದಲ ಬಿಗಿಯಾಗಿ ಕೂಡಸ್ರಿ.

ಹೊಸಾ ಹಿಡಿಕಿಗೆ ಶೇಂಗಾ ಎಣ್ಣಿ ಹಚ್ಚೇನ್ರಿ. ತಿಂಗಳಾದ್ರೂ ಅಂಟಂಟ ಐತಿ, ವಾಸನಿ ಬ್ಯಾರೆ.
(ಗದಗಿನ ಓದುಗರು)

ಅಕ್ಕಾರ, ಶೇಂಗಾ ಎಣ್ಣಿ ಒಣಗೋ ಎಣ್ಣಿ ಅಲ್ಲ, ನೀವು ವರ್ಷ ಕಾದ್ರೂ ಅದು ಹಂಗ ಇರತೈತಿ. ಎಣ್ಣಿ ಗಾಳಿಯೊಳಗಿನ ಆಮ್ಲಜನಕ ಹಿಡಕೊಂಡು ಗಟ್ಟಿ ಆಗತೈತೋ ಇಲ್ಲೋ ಅಂತ ತಿಳಿಯಾಕ ಅಯೋಡಿನ್ ಸಂಖ್ಯೆ ಅಂತ ಒಂದು ಲೆಕ್ಕ ಐತಿ. ಕೊಬ್ಬರಿ ಎಣ್ಣಿದು 10ರ ಸುಮಾರು, ಶೇಂಗಾದ್ದು 100ರ ಒಳಗ ಹೊರಗ, ಕುಸುಬಿದು 145 ಸುಮಾರು, ಅಗಸಿದು 170ರ ಮ್ಯಾಲೆ. ಹೆಚ್ಚು ಇದ್ದಷ್ಟು ಛಲೋ ಒಣಗತೈತಿ. ಅಗಸಿ ಹಿಂಡಿ ಮಾಡೋ ನಾಡಿನ್ಯಾಗ ಇದ್ದು ಹಿಡಿಕಿಗೆ ಶೇಂಗಾ ಎಣ್ಣಿ ಹಚ್ಚತೀರಲ್ಲ!

ಈಗ ಹಚ್ಚಿದ್ದನ್ನ ಥಿನ್ನರ್ ಅರಿವಿಲೆ ಒರಸಿ ತಗೀರಿ, ಒಣಗಿದ ಮ್ಯಾಲೆ 220 ಪೇಪರ್ ಆಡಸ್ರಿ. ಗಾಣದ ಅಗಸಿ ಎಣ್ಣಿ ತೆಳ್ಳಗ ಹಚ್ಚಿ, ಕಾಲು ತಾಸಿನ ಮ್ಯಾಲೆ ಹೀರದೇ ಉಳದದ್ದನ್ನ ಪೂರಾ ಒರಸಿಬಿಡ್ರಿ. ಅಂಟಂಟ ಆಗೋದು ಒರಸದ ಬಿಟ್ಟಾಗ. ಎರಡು ಮೂರು ದಿನ ಗಾಳಿಗೆ ಇಟ್ಟು ಮತ್ತೊಮ್ಮೆ, ಹಿಂಗ ನಾಕೈದು ಸಲ. ಪೇಂಟ್ ಅಂಗಡ್ಯಾಗಿನ ಡಬಲ್ ಬಾಯ್ಲ್ಡ್ ಎಣ್ಣಿ ಜಲ್ದಿ ಒಣಗತೈತಿ, ಯಾಕಂದ್ರ ಅದರಾಗ ಲೋಹದ ರಸಾಯನ ಕೂಡಿಸಿರತಾರ, ಅಡಗಿಮನಿ ಸಾಮಾನಿಗೆ ನಾನಂತೂ ಹಚ್ಚಂಗಿಲ್ಲ.

ಇದೊಂದು ಮಾತ್ರ ಮರೀಬ್ಯಾಡ್ರಿ: ಅಗಸಿ ಎಣ್ಣಿ ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗದ್ರ ಅದು ತಾನ ಕಾದು ತಾನ ಬೆಂಕಿ ಹತ್ತತೈತಿ. ಹೊರಗ ಬಿಚ್ಚಿ ಒಣಗಿಸ್ರಿ, ಇಲ್ಲಾ ನೀರಾಗ ಅದ್ದಿ ಒಗೀರಿ.

ಮದುವಿ ಅಡಗಿ ಕೆಲಸ ನಮ್ಮದು, ದಿನಾ ಚೀಲಗಟ್ಟಲೆ ಉಳ್ಳಾಗಡ್ಡಿ ಹೆಚ್ಚತೀವಿ. ಚಾಕಿನ ಹಿಡಿಕಿ ದುಂಡಗ ಐತಿ, ಅಂಗೈ ಬೊಕ್ಕಿ ಏಳತೈತಿ.
(ಬ್ಯಾಡಗಿಯ ಓದುಗರು)

ದುಂಡಗ ಇರೋದ ತಪ್ಪು. ಕೈಯಾಗ ತಿರಗತೈತಿ, ತಿರಗಬಾರ್ದು ಅಂತ ನೀವು ಗಟ್ಟಿ ಹಿಡೀತೀರಿ, ಬೊಕ್ಕಿ ಏಳತೈತಿ. ತತ್ತಿ ಆಕಾರ ಮಾಡ್ರಿ, ಎತ್ತರ ಹೆಚ್ಚು, ದಪ್ಪ 18ರಿಂದ 22 ಮಿಲಿಮೀಟರ್, ಆಗ ಕಣ್ಣು ಮುಚ್ಚಿದ್ರೂ ಅಲಗಿನ ಬಾಯಿ ಯಾವ ಕಡೆ ಐತಿ ಅಂತ ಕೈಗೆ ಗೊತ್ತಾಗತೈತಿ. ಉದ್ದ ನಿಮ್ಮ ಅಂಗೈ ಅಗಲಕ್ಕಿಂತ ಒಂದೆರಡು ಬೆರಳು ಜಾಸ್ತಿ. ಬೆರಳು ಕೂಡಾಕ ಗುಳಿ ಗುಳಿ ಕೊರಿಯೋ ಫ್ಯಾಷನ್ ಬ್ಯಾಡ್ರಿ, ಅದು ಒಬ್ಬರ ಕೈಗೆ ಕೂತ್ರ ಇನ್ನೊಬ್ಬರಿಗೆ ಕೂಡಂಗಿಲ್ಲ, ನಿಮ್ಮಲ್ಲಿ ಒಂದ ಚಾಕು ನಾಕು ಮಂದಿ ಹಿಡೀತಾರ.

ನಾನು ಮಾಡಿದ ಚಾಕು ಬ್ಯಾಗಿನ್ಯಾಗ ಇದ್ರ ಪೊಲೀಸರು ಹಿಡೀತಾರೇನ್ರಿ?
(ರಾಣೆಬೆನ್ನೂರಿನ ಕಾಲೇಜು ಹುಡುಗ)

ತಮ್ಮಾ, 2016ರ ಶಸ್ತ್ರಾಸ್ತ್ರ ನಿಯಮದಾಗ 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಅಲಗು ಇದ್ದದ್ದನ್ನ ಶಸ್ತ್ರ ಅಂತ ಲೆಕ್ಕ ಹಿಡದಾರ, ಮನಿಗೆ, ಒಕ್ಕಲುತನಕ್ಕ, ಕೈಗಾರಿಕೆಗೆ ಅಂತ ಮಾಡಿದ್ದು ಅದರಾಗ ಬರಂಗಿಲ್ಲ. ಅದಿರ್ಲಿ, ಕಾಲೇಜಿಗೆ ಚಾಕು ಯಾಕ? ಮನ್ಯಾಗ ಇಡು, ಖಂಡೇನವಮಿಗೆ ಪೂಜಿ ಮಾಡು.

ಹಳೇ ಪವರ್ ಹ್ಯಾಕ್ಸಾ (ಕಬ್ಬಿಣ ಕೊಯ್ಯೋ ಮಿಷನ್ ಗರಗಸ) ಬ್ಲೇಡಿನ್ಯಾಗ ಚಾಕು ಮಾಡೇನಿ. ರಿಬೀಟಿಗೆ ತೂತು ಹೊಡಿಯಾಕ ಹೋದ್ರ ಡ್ರಿಲ್ ಬಿಟ್ ಸುಟ್ಟು ಹೋಗಾಕತ್ತಾವ.
(ಹುಬ್ಬಳ್ಳಿಯ ಓದುಗರು)

ನಿಮ್ಮ ಬ್ಲೇಡೂ ಹೈಸ್ಪೀಡ್ ಸ್ಟೀಲು (ಕಾದ್ರೂ ಗಟ್ಟಿ ಉಳಿಯೋ ಉಕ್ಕು), ಬಿಟ್ಟೂ ಹೈಸ್ಪೀಡ್ ಸ್ಟೀಲು, ಯಾವುದು ಯಾವುದನ್ನ ಕೊರೀಬೇಕು? ಪಾಟಾ ಕಬ್ಬಿಣ ಆಗಿದ್ರ ಹಿಂಭಾಗ ನೀಲಿ ಆಗೋತನಕ ಕಾಸಿ ಮೆತ್ತಗ ಮಾಡಬಹುದಿತ್ತು, ಇದು 500 ಡಿಗ್ರಿಗೂ ಬಗ್ಗಂಗಿಲ್ಲ. ಅದಕ್ಕಿಂತ ಗಟ್ಟಿ ಇರೋ ಕಾರ್ಬೈಡ್ ಬಿಟ್ ತಗೊಂಡು ನಿಧಾನ ಸ್ಪೀಡಿನ್ಯಾಗ, ಗಟ್ಟಿ ಹಿಡದು, ಅಳ್ಳಾಡದಂಗ ಹೊಡೀಬೇಕು, ಅಳ್ಳಾಡಿದ್ರ ಬಿಟ್ ಮುರೀತೈತಿ. ಕೈ ಡ್ರಿಲ್‌ಲೆ ಅದು ಕಷ್ಟ, ಗೋಕುಲ ರೋಡ್ ಕಡೆ ಯಾವುದಾರ ಲೇಥ್ ಅಂಗಡ್ಯಾಗ ಹೊಡಿಸಿಕೊಂಡು ಬರ್ರಿ, ಹೋಗೋವಾಗ ರಿಬೀಟಿನ ಸಳೀನೂ ಕೂಡ ಒಯ್ರಿ, ಅಳತಿ ಅಲ್ಲೇ ನೋಡತಾರ.