ಪ್ರಕೃತಿ ಮತ್ತು ತಂತ್ರಜ್ಞಾನ ಬೆರೆಸಿದ, ನಾವೇ ಒಳಗೆ ಹೋಗಿ ನಿಲ್ಲುವ ಕಲಾಕೃತಿ ಹೇಗಿರುತ್ತದೆ?
ಒಂದು ಉದಾಹರಣೆ ಸಾಕು. 2003ರಲ್ಲಿ ಕಲಾವಿದ ಒಲಾಫರ್ ಎಲಿಯಾಸನ್ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ಟರ್ಬೈನ್ ಹಾಲ್ ಒಳಗೆ ಸೂರ್ಯನನ್ನೇ ತಂದಿಟ್ಟರು. ಕಟ್ಟಿದ್ದು ಅರ್ಧ ವೃತ್ತ ಮಾತ್ರ, ಉಳಿದರ್ಧ ಚಾವಣಿಯ ಕನ್ನಡಿಯಲ್ಲಿ ಕಾಣುತ್ತಿತ್ತು. ಅದರ ಹಿಂಬದಿಯಲ್ಲಿ ಉರಿಯುತ್ತಿದ್ದದ್ದು ಒಂದೇ ಬಣ್ಣದ ಹಳದಿ ದೀಪಗಳು. ಎಲ್‌ಇಡಿ ಬರುವ ಮೊದಲು ನಮ್ಮ ಕಾಸರಗೋಡಿನ ರಸ್ತೆಗಳಲ್ಲಿದ್ದ ಸೋಡಿಯಂ ದೀಪ ನೆನಪಿದೆ ಅಲ್ವಾ? ಹೆಚ್ಚುಕಡಿಮೆ ಆ ಜಾತಿ, ಆದರೆ ಇನ್ನೂ ಅಪ್ಪಟ ಹಳದಿ. ಆ ಬೆಳಕಿನಲ್ಲಿ ಕೆಂಪು ಸೀರೆಯೂ ಕಪ್ಪಾಗಿ ಕಾಣುತ್ತದೆ. ಹಾಲ್ ಒಳಗೆ ತೆಳುವಾಗಿ ಮಂಜೂ ಇತ್ತು, ಅದನ್ನು ಬರಿಸಿದ್ದು ಸಕ್ಕರೆ ನೀರಿನಿಂದ!

ಬೇಕಲದ ಕಡಲಕರೆಯಲ್ಲಿ ದಿನಾ ಕಾಣುವ ಸೂರ್ಯನಿಗೆ ಇಷ್ಟೆಲ್ಲ ಯಾಕೆ ಅಂತ ನನಗೂ ಅನಿಸಿತ್ತು. ಆದರೆ ಅಲ್ಲಿ ಜನ ನೆಲದ ಮೇಲೆ ಮಲಗಿ, ಮೇಲಿನ ಕನ್ನಡಿಯಲ್ಲಿ ತಮ್ಮನ್ನೇ ಹುಡುಕುತ್ತಿದ್ದರು. ಸೂರ್ಯನ ಹಿಂದೆ ಹೋದರೆ ಬಲ್ಬು, ವಯರು ಎಲ್ಲ ಕಾಣುತ್ತಿತ್ತು. ಅದನ್ನು ಬೇಕೆಂದೇ ಮುಚ್ಚಿರಲಿಲ್ಲ.