ಬಿಪಿ ಸರಿಯಾಗಿದೆ, ಹೃದಯದ ಗುಳಿಗೆ ಬಿಡಬಹುದೇ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು. ಅಪ್ಪನಿಗೆ 61 ವರ್ಷ. ಎಂಟು ತಿಂಗಳ ಹಿಂದೆ ಹೃದಯಾಘಾತವಾಗಿ ದಾವಣಗೆರೆಯಲ್ಲಿ ಸ್ಟೆಂಟ್ ಹಾಕಿಸಿದೆವು. ಬೇರೆ ಗುಳಿಗೆಗಳ ಜೊತೆ ಮೆಟೊಪ್ರೊಲಾಲ್ 50 ಕೊಟ್ಟಿದ್ದಾರೆ. ಈಗ ಬಿಪಿ 120/76, ನಾಡಿ 56ರಿಂದ 58. ತೋಟದಲ್ಲಿ ಸ್ವಲ್ಪ ಓಡಾಡಿದರೂ ಸುಸ್ತು ಅನ್ನುತ್ತಾರೆ. ‘ಬಿಪಿ ಸರಿ ಆಯ್ತಲ್ಲ, ಅದು ಹಾರ್ಟನ್ನೇ ನಿಧಾನ ಮಾಡೋ ಗುಳಿಗೆ, ಬಿಟ್ಬಿಡು’ ಎಂದು ಸಂಬಂಧಿಕರೊಬ್ಬರು ಹೇಳಿದ್ದಾರೆ. ಅಪ್ಪನೂ ಹಾಗೇ ಹಟ ಹಿಡಿದಿದ್ದಾರೆ. ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಇವತ್ತಿನ ಗುಳಿಗೆಯನ್ನು ಇವತ್ತೇ ಕೊಡಿ, ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಸಂಬಂಧಿಕರು ಹೇಳಿದ್ದರಲ್ಲಿ ಅರ್ಧ ನಿಜ. ಈ ಗುಳಿಗೆ ಹೃದಯವನ್ನು ನಿಧಾನ ಮಾಡುತ್ತದೆ, ಅದಕ್ಕೆಂದೇ ಕೊಟ್ಟಿರುವುದು. ಗಾಬರಿ, ಸಿಟ್ಟು, ದುಡಿಮೆ ಯಾವುದೇ ಇರಲಿ, ಮೈಯಲ್ಲಿ ಅಡ್ರಿನಲಿನ್ ಮತ್ತು ಅದರ ಜೊತೆಯ ರಾಸಾಯನಿಕಗಳು ಹೆಚ್ಚುತ್ತವೆ. ಅವು ಹೃದಯದ ಜೀವಕೋಶಗಳ ಮೇಲೆ ಸಂದೇಶ ಹಿಡಿಯುವ ಬೀಟಾ ಗ್ರಾಹಕಗಳೆಂಬ ಜಾಗಗಳಿಗೆ ಅಂಟಿಕೊಂಡು ‘ಜೋರಾಗಿ ಬಡಿ, ಬಿಗಿಯಾಗಿ ಹಿಂಡು’ ಎಂದು ಒತ್ತಾಯಿಸುತ್ತವೆ. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಎಂಬ ಗುಂಪಿನ ಔಷಧಿ, ಅದು ಆ ಜಾಗದಲ್ಲಿ ಮೊದಲೇ ಕೂತುಬಿಡುತ್ತದೆ. ನಿಮಿಷಕ್ಕೆ 90 ಬಡಿಯುತ್ತಿದ್ದ ಹೃದಯ 60ಕ್ಕೆ ಬಂದರೆ ದಿನಕ್ಕೆ 43,200 ಬಡಿತ ಉಳಿಯುತ್ತದೆ. ಒಮ್ಮೆ ಪೆಟ್ಟು ತಿಂದ ಸ್ನಾಯುವಿಗೆ ಇದು ಸಣ್ಣ ವಿಶ್ರಾಂತಿಯಲ್ಲ.

ಇನ್ನೊಂದು ಲಾಭವನ್ನು ಬಹಳ ಜನ ಗಮನಿಸುವುದಿಲ್ಲ. ಹೃದಯದ ಎಡಭಾಗದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಹಿಂಡುವಾಗ ಅಲ್ಲ, ಎರಡು ಬಡಿತಗಳ ನಡುವೆ ಸಡಿಲಾದಾಗ. ಬಡಿತ ನಿಧಾನವಾದಷ್ಟೂ ಆ ಬಿಡುವು ಉದ್ದವಾಗುತ್ತದೆ. ಅಂದರೆ ಖರ್ಚು ಕಡಿಮೆ, ಆದಾಯ ಹೆಚ್ಚು. ಸ್ಕಾಟ್ಲೆಂಡಿನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಹುಡುಕಿದ್ದೂ ಇದನ್ನೇ: ಎದೆನೋವಿನ ರೋಗಿಗೆ ರಕ್ತ ಹೆಚ್ಚಿಸಲು ಆಗದಿದ್ದರೆ ಹೃದಯದ ಬೇಡಿಕೆಯನ್ನಾದರೂ ಇಳಿಸೋಣ ಎಂದು. 1960ರ ದಶಕದಲ್ಲಿ ಅವರ ಪ್ರೊಪ್ರನಲಾಲ್ ಎಂಬ ಬೀಟಾ ಬ್ಲಾಕರ್ ಬಂತು, 1988ರಲ್ಲಿ ನೊಬೆಲ್ ಸಿಕ್ಕಿತು. ಬಿಪಿ ಇಳಿಯುವುದು ರೋಗಿಗಳಿಗೆ ಕೊಡುತ್ತಾ ಹೋದಂತೆ ಕಂಡ ಗುಣ. ಹೃದಯದ ಒತ್ತು ತಗ್ಗುವುದರಿಂದಲೂ, ಮೂತ್ರಪಿಂಡದಿಂದ ಬಿಪಿ ಏರಿಸುವಲ್ಲಿ ಪಾತ್ರವಿರುವ ರೆನಿನ್ ಕಡಿಮೆ ಬರುವುದರಿಂದಲೂ ಹಾಗಾಗುತ್ತದೆ. ಹೀಗಾಗಿ ‘ಬಿಪಿ ಸರಿ ಆಯ್ತು’ ಎನ್ನುವುದು ನಿಮ್ಮ ಅಪ್ಪನ ಗುಳಿಗೆ ಬಿಡಲು ಕಾರಣವೇ ಅಲ್ಲ. ಅವರಿಗೆ ಅದನ್ನು ಮುಖ್ಯವಾಗಿ ಕೊಟ್ಟಿರುವುದು ಬಿಪಿಗಲ್ಲ.

ದಿಢೀರನೆ ಬಿಟ್ಟರೆ ಏನಾಗುತ್ತದೆ? ತಿಂಗಳುಗಟ್ಟಲೆ ತಡೆಯಲ್ಲಿದ್ದ ಹೃದಯ ಆ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿರುತ್ತದೆ. ತಡೆ ಒಮ್ಮೆಲೇ ಹೋದರೆ ಅಡ್ರಿನಲಿನ್ ಮೊದಲಿಗಿಂತ ಜೋರಾಗಿ ಕೆಲಸ ಮಾಡುತ್ತದೆ. ನಾಡಿ ಏರುತ್ತದೆ, ಎದೆನೋವು ಬರಬಹುದು, ಮತ್ತೆ ಹೃದಯಾಘಾತವೂ ಆಗಬಹುದು. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ, ಊರ ಜಾತ್ರೆಯಲ್ಲಿ ಗುಳಿಗೆ ಮುಗಿದದ್ದೇ ಗೊತ್ತಾಗುವುದಿಲ್ಲ. ಹಾಳೆಯಲ್ಲಿ ಹತ್ತು ಗುಳಿಗೆ ಉಳಿದಿರುವಾಗಲೇ ಹೊಸದನ್ನು ತನ್ನಿ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ, ಮುಂದಿನ ಹೊತ್ತು ಹತ್ತಿರವಿದ್ದರೆ ಬಿಡಿ. ಎರಡನ್ನು ಒಟ್ಟಿಗೆ ಕೊಡಬೇಡಿ. ದಿನಕ್ಕೊಮ್ಮೆಯ, ನಿಧಾನವಾಗಿ ಕರಗುವ ಗುಳಿಗೆಯಾಗಿದ್ದರೆ ಪುಡಿ ಮಾಡಬಾರದು, ಅಗಿಯಬಾರದು.

ಆದರೂ ಅವರ ಸುಸ್ತನ್ನು ಹಗುರವಾಗಿ ಕಾಣಬೇಡಿ. ಈ ಔಷಧಿಯಿಂದ ಸುಸ್ತು, ಕೈಕಾಲು ತಣ್ಣಗಾಗುವುದು, ಕೆಲವರಿಗೆ ಕೆಟ್ಟ ಕನಸು, ಗಂಡಸರಿಗೆ ಲೈಂಗಿಕ ತೊಂದರೆ ಆಗುವುದುಂಟು. ಈ ಕೊನೆಯದನ್ನು ಹೇಳಲು ನಾಚಿ ಸದ್ದಿಲ್ಲದೆ ಗುಳಿಗೆ ಬಿಡುವವರು ನಮ್ಮಲ್ಲಿ ಬಹಳ ಮಂದಿ. ವೈದ್ಯರ ಮುಂದೆ ಹೇಳಿದರೆ ಪ್ರಮಾಣ ಇಳಿಸಲು, ಗುಳಿಗೆ ಬದಲಿಸಲು ದಾರಿಯಿದೆ. ತಲೆ ಸುತ್ತದೆ ಇದ್ದರೆ 56ರ ನಾಡಿ ಸಾಮಾನ್ಯವಾಗಿ ಭಯಪಡುವಂಥದ್ದಲ್ಲ. 50ಕ್ಕಿಂತ ಕೆಳಗಿಳಿದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಕಣ್ಣು ಕತ್ತಲಿಟ್ಟರೆ, ಎದೆನೋವು ಅಥವಾ ಏದುಸಿರು ಬಂದರೆ 108ಕ್ಕೆ ಕರೆ ಮಾಡಿ. ಅವರಿಗೆ ಸಕ್ಕರೆ ಕಾಯಿಲೆಯೂ ಇದ್ದರೆ, ಸಕ್ಕರೆ ತೀರಾ ಇಳಿದಾಗ ಬರುವ ಎದೆಬಡಿತ, ನಡುಕಗಳನ್ನು ಈ ಗುಳಿಗೆ ಮರೆಮಾಡಬಹುದು. ಬೆವರು ಮಾತ್ರ ಬರುತ್ತದೆ, ಅದನ್ನು ಗಮನಿಸಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರೆ ಅದನ್ನು ಬಿಡಿಸಿ. ಗುಳಿಗೆ ತಗ್ಗಿಸಿದ ಬಡಿತವನ್ನು ಅದು ಮತ್ತೆ ಏರಿಸುತ್ತದೆ.

ಜೀವನಪೂರ್ತಿ ಬೇಕೇ ಎಂಬುದಕ್ಕೆ ಉತ್ತರ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿದೆ. ಹೃದಯದ ಪಂಪಿಂಗ್ ಕುಂದಿದ್ದರೆ ಇದು ಜೀವ ಉಳಿಸುವ ಔಷಧಿ, ಮುಂದುವರಿಸಲೇಬೇಕು. ಪಂಪಿಂಗ್ ಚೆನ್ನಾಗಿದ್ದು, ಎದೆನೋವಿಲ್ಲದೆ ವರ್ಷ ಕಳೆದರೆ ಕೆಲವರಿಗೆ ವೈದ್ಯರು ಹಂತಹಂತವಾಗಿ ಇಳಿಸಿ ನಿಲ್ಲಿಸುವುದೂ ಇದೆ. ಮುಂದಿನ ತಪಾಸಣೆಗೆ ಎಕೋ ವರದಿ, ಎರಡು ವಾರದ ನಾಡಿ-ಬಿಪಿ ಬರೆದ ಚೀಟಿ ಒಯ್ದು ಇದನ್ನೇ ಕೇಳಿ.

ಪ್ರಶ್ನೆ: ನನಗೆ 45, ಜಗಳೂರು. ಬಿಪಿ 150/95 ಬಂದಿದೆ, ದಮ್ಮು ಕೂಡ ಇದೆ. ಯಜಮಾನರ ಅಟೆನೊಲಾಲ್ ಮನೆಯಲ್ಲಿದೆ. ಅದನ್ನೇ ತಗೊಳ್ಳಲೇ?

ಉತ್ತರ: ಬೇಡ ತಾಯಿ. ಅಟೆನೊಲಾಲ್ ಕೂಡ ಬೀಟಾ ಬ್ಲಾಕರ್. ಹೃದಯದಲ್ಲಿರುವಂಥವೇ ಬೀಟಾ ಗ್ರಾಹಕಗಳು ಶ್ವಾಸನಾಳದಲ್ಲೂ ಇವೆ. ಅಲ್ಲಿ ತಡೆಯಾದರೆ ನಾಳ ಬಿಗಿದುಕೊಂಡು ದಮ್ಮು ಕೆರಳಬಹುದು. ಬರೀ ಬಿಪಿಗೆ ಇವತ್ತು ಸಾಮಾನ್ಯವಾಗಿ ಮೊದಲು ಕೊಡುವುದು ಬೇರೆ ಗುಂಪಿನ ಗುಳಿಗೆಗಳನ್ನು, ಉದಾಹರಣೆಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್. ಬೇರೆ ದಿನ ಮತ್ತೊಮ್ಮೆ ಬಿಪಿ ನೋಡಿಸಿ. ವೈದ್ಯರ ಬಳಿ ಹೋಗುವಾಗ ನಿಮ್ಮ ಇನ್ಹೇಲರ್ ಕೈಯಲ್ಲೇ ಹಿಡಿದು ಹೋಗಿ ತೋರಿಸಿ.