ಕಂಟ್ರೋಲರ್ ಬದಲಿಸಿದ ಮೇಲೆ ಹಳೆಯ ರೇಡ್ 5ರ ಡೇಟಾ ಉಳಿಯುತ್ತದೆಯೇ?

ಭೋಸರಿಯ ನಿಮ್ಮ ಕಾರ್ಖಾನೆಯ ಸರ್ವರಿನಲ್ಲಿ ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನು ಒಂದೇ ಸಮೂಹವಾಗಿ ನಡೆಸುವ ಕಂಟ್ರೋಲರ್) ಸುಟ್ಟುಹೋಗಿದೆ, ಅದೇ ಕಂಪನಿಯ ಹೊಸ ಮಾದರಿಯ ಕಾರ್ಡ್ ಹಾಕಿದ ಮೇಲೆ 4 ಟಿಬಿಯ ನಾಲ್ಕೂ ಡಿಸ್ಕುಗಳು ‘ಫಾರಿನ್’ ಎಂದು ಕಾಣಿಸುತ್ತಿವೆ, ಹಳೆಯ ಸಂರಚನೆಯನ್ನು ಒಪ್ಪಿಕೊಳ್ಳುವ ಇಂಪೋರ್ಟ್ ಒತ್ತಬೇಕೋ ಅದನ್ನು ಅಳಿಸುವ ಕ್ಲಿಯರ್ ಒತ್ತಬೇಕೋ ಎಂದು ಕೇಳಿದ್ದೀರಿ. ಪುಣೆಯಲ್ಲಿ ಸರ್ವರ್ ನಿರ್ವಹಣೆಯ ಕೆಲಸ ಮಾಡುವವನಾಗಿ ಹೇಳುತ್ತೇನೆ: ಒತ್ತಬೇಕಾದದ್ದು ಇಂಪೋರ್ಟ್, ಆದರೆ ಈಗಲೇ ಅಲ್ಲ.

‘ಫಾರಿನ್’ ಎಂಬುದು ಹೆದರುವ ಸಂಗತಿಯಲ್ಲ. ಡಿಸ್ಕುಗಳ ಕ್ರಮ, ಸ್ಟ್ರೈಪ್ ಗಾತ್ರ (ಡೇಟಾವನ್ನು ಡಿಸ್ಕುಗಳಿಗೆ ಹಂಚುವ ತುಂಡಿನ ಅಳತೆ), ರೇಡ್ ಮಟ್ಟ ಇವೆಲ್ಲವನ್ನೂ ಇಂತಹ ಕಾರ್ಡುಗಳು ಪ್ರತಿ ಡಿಸ್ಕಿನ ಮೇಲೂ ಬರೆದಿಡುತ್ತವೆ. ಈ ಬರಹಕ್ಕೆಂದೇ ಇರುವ ಡಿಡಿಎಫ್ ಎಂಬ ಮಾನಕದಲ್ಲಿ ಅದರ ಮುಖ್ಯ ಗುರುತು ಡಿಸ್ಕಿನ ಕಟ್ಟಕಡೆಯ ಸೆಕ್ಟರಿನಲ್ಲಿರುತ್ತದೆ. ಹೊಸ ಕಾರ್ಡು ಆ ಬರಹವನ್ನು ಓದಿ, ಇದು ತಾನು ರಚಿಸಿದ್ದಲ್ಲ ಎಂದಷ್ಟೇ ಹೇಳುತ್ತಿದೆ.

ಮೊದಲು ಪ್ರಿವ್ಯೂ ತೆರೆದು ನೋಡಿ. ಒಂದೇ ರೇಡ್ 5, ನಾಲ್ಕು ಡಿಸ್ಕು, ಸುಮಾರು 10.9 ಟಿಬಿ ಎಂದಿರಬೇಕು. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದುಹೋದ ಡಿಸ್ಕಿನ ಡೇಟಾವನ್ನು ಮರಳಿ ಲೆಕ್ಕಹಾಕುವ ಮಾಹಿತಿಗೆ, ಹೋಗುವುದರಿಂದ ಉಳಿಯುವುದು 12 ಟಿಬಿ. ಅದನ್ನು ಕಾರ್ಡು 1024ರ ಅಳತೆಯಲ್ಲಿ ತೋರಿಸುವುದು ಹಾಗೆಯೇ. ಒಂದರ ಬದಲು ಎರಡು ಫಾರಿನ್ ಸಂರಚನೆಗಳು ಕಂಡರೆ, ಅಥವಾ ಒಂದು ಡಿಸ್ಕು ಬೇರೆಯಾಗಿ ನಿಂತಿದ್ದರೆ, ಅದು ಕಾರ್ಡ್ ಸುಡುವುದಕ್ಕೆ ಮೊದಲೇ, ಯಾರ ಗಮನಕ್ಕೂ ಬಾರದೆ, ಸಮೂಹದಿಂದ ಹೊರಬಿದ್ದ ಡಿಸ್ಕಾಗಿರಬಹುದು. ಅದರಲ್ಲಿರುವುದು ಹಳೆಯ ಡೇಟಾ. ಅದನ್ನು ಒಳಗೆ ಸೇರಿಸಿಕೊಂಡರೆ ಹೊಸತೂ ಹಳತೂ ಕಲಸಿಹೋಗುತ್ತವೆ. ಅಂತಹ ಡಿಸ್ಕನ್ನು ಹೊರಗೇ ಇಟ್ಟು ಉಳಿದ ಮೂರರಿಂದ ನಡೆಸುವುದು ಸರಿ.

ಇಂಪೋರ್ಟಿಗೆ ಮುನ್ನ ಪ್ರತಿ ಡಿಸ್ಕನ್ನೂ ರೇಡ್ ಇಲ್ಲದ ಸಾಮಾನ್ಯ ಎಚ್‌ಬಿಎ ಕಾರ್ಡಿಗೆ ಜೋಡಿಸಿ, ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ನಕಲು ತಂತ್ರಾಂಶದ ಮೂಲಕ ಪೂರ್ಣ ನಕಲು ತೆಗೆದುಕೊಳ್ಳಿ. ನಾಲ್ಕು ಹೊಸ ಡಿಸ್ಕುಗಳ ಖರ್ಚಿಗೆ ಮಾಲೀಕರು ಗೊಣಗಬಹುದು, ಆದರೂ ಈ ಹಂತವನ್ನು ಬಿಡಬೇಡಿ ಎಂಬುದೇ ನನ್ನ ಸಲಹೆ. ಕ್ಲಿಯರ್ ಅಳಿಸುವುದು ಸಂರಚನೆಯ ಬರಹವನ್ನು ಮಾತ್ರ. ಅದಾದ ಮೇಲೂ ಕ್ರಮ ಮತ್ತು ಸ್ಟ್ರೈಪ್ ಗಾತ್ರ ಗೊತ್ತಿದ್ದರೆ ದಾರಿಯಿದೆ. ಆದರೆ ಕಾರ್ಡಿನ ಮೆನುವಿನಲ್ಲಿರುವ ಪೂರ್ಣ ಇನಿಶಿಯಲೈಸ್ ಡೇಟಾದ ಮೇಲೆಯೇ ಸೊನ್ನೆ ಬರೆಯುತ್ತದೆ. ಅದಕ್ಕೆ ನಕಲೊಂದೇ ಪರಿಹಾರ.

ಇಂಪೋರ್ಟ್ ಒಪ್ಪದಿದ್ದರೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲೋ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಹಳೆಯ ಮಾದರಿಯ ಕಾರ್ಡನ್ನು ವಿಚಾರಿಸಿ ನೋಡಿ. ಡಿಡಿಎಫ್ ಬರಹವಿದ್ದರೆ ಕಾರ್ಡೇ ಇಲ್ಲದೆ ಲಿನಕ್ಸಿನ ಎಂಡಿಎಡಿಎಂ ಎಂಬ ರೇಡ್ ತಂತ್ರಾಂಶ ಸಹ ಅದನ್ನು ಓದಿ, ನಕಲುಗಳಿಂದಲೇ ಸಮೂಹವನ್ನು ಜೋಡಿಸಬಲ್ಲದು.

ಹಳೆಯ ಕಾರ್ಡಿನ ಕ್ಯಾಶ್ ಎಂಬ ತಾತ್ಕಾಲಿಕ ನೆನಪಿನಲ್ಲಿ ಡಿಸ್ಕಿಗಿಳಿಯದೆ ಉಳಿದಿದ್ದ ಕೊನೆಯ ಬರಹಗಳು ಕಾರ್ಡಿನೊಂದಿಗೇ ಹೋಗಿರಬಹುದು. ಆದ್ದರಿಂದ ಇಂಪೋರ್ಟ್ ಆದ ಕೂಡಲೇ ವಿಂಡೋಸ್ ಶುರುಮಾಡಿ, ದೋಷ ಕಂಡಲ್ಲಿ ತಾನೇ ತಿದ್ದಿಬರೆಯುವ ಚೆಕ್‌ಡಿಸ್ಕ್ ಓಡಲು ಬಿಡಬೇಡಿ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಓದಲು ಮಾತ್ರ ಸಾಧ್ಯವಾಗುವಂತೆ ಮೌಂಟ್ ಮಾಡಿ, ದೊಡ್ಡ ಫೈಲುಗಳನ್ನು ತೆರೆದು ಪರೀಕ್ಷಿಸಿ. ಸ್ಟ್ರೈಪ್ 64 ಕೆಬಿ ಆಗಿದ್ದರೆ ಅದಕ್ಕಿಂತ ಚಿಕ್ಕ ಫೈಲು ಒಂದೇ ಡಿಸ್ಕಿನಲ್ಲಿ ಕುಳಿತಿರಬಹುದು, ಡಿಸ್ಕುಗಳ ಕ್ರಮ ತಪ್ಪಿದ್ದರೂ ಅದು ಸರಿಯಾಗಿ ತೆರೆದುಕೊಂಡು ಮೋಸಗೊಳಿಸಬಹುದು. ನೂರಾರು ಎಂಬಿಯ ಜಿಪ್ ಫೈಲನ್ನು ದೋಷವಿಲ್ಲದೆ ಬಿಚ್ಚಲಾದರೆ ಮಾತ್ರ ನಂಬಿ. ಎಲ್ಲವನ್ನೂ ಬೇರೆಡೆಗೆ ನಕಲಿಸಿಕೊಂಡ ನಂತರವೇ, ಡೇಟಾಕ್ಕೂ ಪ್ಯಾರಿಟಿಗೂ ತಾಳೆ ನೋಡುವ ಕನ್ಸಿಸ್ಟೆನ್ಸಿ ಚೆಕ್ ನಡೆಸಿ, ಏಕೆಂದರೆ ಹೊಂದಾಣಿಕೆ ತಪ್ಪಿದ ಕಡೆ ಅದು ಪ್ಯಾರಿಟಿಯನ್ನು ತಿದ್ದಿ ಬರೆಯುತ್ತದೆ.